ಕ್ರಿಸ್ತನಲ್ಲಿ ಹೊಸಬನಾದ ಮೇಲೆ ಹಳೆಯ ‘ನಾನು’ ಎಲ್ಲಿಗೆ ಹೋಗುತ್ತದೆ?

ಹೊಸ ಹೆಜ್ಜೆ:

ಎಲ್ಲರಿಗೂ ವಂದನೆಗಳು. ನಾನು ದೀಕ್ಷಾಸ್ನಾನ ಪಡೆದು ಒಂದೂವರೆ ವರ್ಷವಾಯಿತು. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದಿದ್ದೆ. ಕೊನೆಯ ಎಂಟು ವರ್ಷ ಅಲ್ಲಿನ ಒಂದು ವಿಭಾಗದ ಮುಖ್ಯಸ್ಥನಾಗಿದ್ದೆ. ಆ ಹುದ್ದೆ ಕೈತಪ್ಪಿ, ದಿನವಿಡೀ ಮೊಳಗುತ್ತಿದ್ದ ಫೋನು ಸುಮ್ಮನಾದ ಮೇಲೆ, ಅಷ್ಟು ವರ್ಷ ಜನ ಹುಡುಕಿಕೊಂಡು ಬರುತ್ತಿದ್ದದ್ದು ನನ್ನ ಸಹಿಯನ್ನು ಎಂಬುದು ತಿಳಿಯಿತು. ಆ ದಿನಗಳಲ್ಲಿಯೇ ಸ್ನೇಹಿತರೊಬ್ಬರು ಕೊಟ್ಟ ಲೂಕನ ಸುವಾರ್ತೆಯನ್ನು ಓದಲು ಕುಳಿತೆ. ಮುಂದಿನದನ್ನು ಇಲ್ಲಿ ವಿವರಿಸುವುದಿಲ್ಲ. ವಿಶ್ವಾಸಕ್ಕೆ ಬಂದೆ ಎಂದರೆ ನಿಮಗೆ ಅರ್ಥವಾಗುತ್ತದೆ.

ಕಳೆದ ತಿಂಗಳು ನಮ್ಮ ಬೈಬಲ್ ಅಧ್ಯಯನದ ಗುಂಪಿಗೆ ಇಬ್ಬರು ಹೊಸಬರು ಬಂದಿದ್ದರಿಂದ ಎಲ್ಲರೂ ಒಬ್ಬೊಬ್ಬರಾಗಿ ತಮ್ಮ ಪರಿಚಯ ಹೇಳಿಕೊಂಡರು. ನನ್ನ ಸರದಿ ಬಂದಾಗ ಹೆಸರಿನ ಬೆನ್ನಿಗೇ ಹಳೆಯ ಹುದ್ದೆಯೂ ಬಾಯಿಂದ ಹೊರಬಿತ್ತು. ‘ಆಗಿದ್ದೆ’ ಎಂಬ ಮಾತನ್ನು ಸೇರಿಸುವುದರೊಳಗೆ ಅರ್ಧ ಕ್ಷಣ ತಡವಾಗಿಹೋಗಿತ್ತು. ಬೇರೆ ಯಾರೂ ಗಮನಿಸಿರಲಿಕ್ಕಿಲ್ಲ, ಆದರೆ ಆ ಅರ್ಧ ಕ್ಷಣ ನನ್ನನ್ನು ಇನ್ನೂ ಬಿಟ್ಟಿಲ್ಲ.

ನನ್ನ ದೀಕ್ಷಾಸ್ನಾನದ ದಿನ ಸಭಾಪಾಲಕರು ಓದಿದ್ದು ಪೌಲನ ಪತ್ರವಾದ 2 ಕೊರಿಂಥದವರಿಗೆ 5:17. ಕ್ರಿಸ್ತನಲ್ಲಿರುವವನು ನೂತನ ಸೃಷ್ಟಿ, ಹಳೆಯದು ಹೋಯಿತು ಎಂಬ ಮಾತು. ಹಾಗಾದರೆ ಹೋದವನ ನಾಲಿಗೆ ನನ್ನ ಬಾಯಲ್ಲಿ ಇನ್ನೂ ಏಕೆ ಉಳಿದಿದೆ? ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಹಿಂದೆ ತಿಂಗಳ ಗುರಿಗಳನ್ನು ಲೆಕ್ಕ ಹಾಕುತ್ತಿದ್ದವನು ಈಗ ಎಷ್ಟು ಅಧ್ಯಾಯ ಓದಿದೆ, ಎಷ್ಟು ಹೊತ್ತು ಪ್ರಾರ್ಥಿಸಿದೆ, ಎಷ್ಟು ಭಾನುವಾರ ತಪ್ಪದೆ ಆರಾಧನೆಗೆ ಹೋದೆ ಎಂದು ಲೆಕ್ಕ ಹಾಕುತ್ತಿದ್ದೇನೆ. ‘ಮುಖ್ಯಸ್ಥ’ ಎಂಬ ಫಲಕವನ್ನು ಇಳಿಸಿ ‘ಒಳ್ಳೆಯ ವಿಶ್ವಾಸಿ’ ಎಂಬ ಫಲಕವನ್ನು ಅದೇ ಮೊಳೆಗೆ ತಗುಲಿಹಾಕಿದ್ದೇನೆಯೇ? ಅನುಭವಸ್ಥರು ದಯವಿಟ್ಟು ಬಿಚ್ಚುಮನಸ್ಸಿನಿಂದ ಬರೆಯಬೇಕು.

ಹಳೆಯ ಓದುಗ:

ಹೊಸ ಹೆಜ್ಜೆಯವರೇ, ನಿಮ್ಮ ಎರಡನೆಯ ಪ್ರಶ್ನೆಯೇ ಮುಖ್ಯವಾದದ್ದು. ಅದಕ್ಕೆ ಬರುವ ಮೊದಲು ಮೊದಲನೆಯದರಲ್ಲಿ ಒಂದು ತಪ್ಪು ಕಲ್ಪನೆಯನ್ನು ಸರಿಪಡಿಸಬೇಕಾಗಿದೆ, ಏಕೆಂದರೆ ನಮ್ಮ ಸಭೆಗಳಲ್ಲಿ ಅದು ಬೇರೂರಿದೆ.

ಕ್ರಿಸ್ತನ ಶಿಷ್ಯರನ್ನು ಹಿಂಸಿಸುತ್ತಿದ್ದ ಸೌಲನು ದಮಸ್ಕದ ದಾರಿಯಲ್ಲಿ ಬೆಳಕು ಕಂಡು ಪೌಲನಾದ ಎಂದು ನಾವೆಲ್ಲ ಹೇಳಿಬಿಡುತ್ತೇವೆ. ಲೂಕನು ಬರೆದ ‘ಅಪೊಸ್ತಲರ ಕೃತ್ಯಗಳು’ ಪುಸ್ತಕವನ್ನು ನಿಧಾನವಾಗಿ ಓದಿದರೆ ಹಾಗಿಲ್ಲ. 9ನೆಯ ಅಧ್ಯಾಯದಲ್ಲಿ ಬೆಳಕಿನೊಳಗಿಂದ ಬಂದ ಧ್ವನಿ ಅವನನ್ನು ಕರೆದದ್ದು ಅವನ ಹಳೆಯ ಹೆಸರಿನಿಂದ, ಅದೂ ಎರಡು ಸಲ. ಆ ಬೆಳಕಿಗೆ ಕುರುಡಾದ ಕಣ್ಣು ಮರಳಿ ಬಂದು ದೀಕ್ಷಾಸ್ನಾನವಾದ ಮೇಲೂ ಲೂಕನು ಅವನನ್ನು ಸೌಲನೆಂದೇ ಬರೆಯುತ್ತಾನೆ. ಸೈಪ್ರಸ್ ದ್ವೀಪದಲ್ಲಿ ರೋಮನ್ ಅಧಿಪತಿಯೊಬ್ಬನ ಎದುರು ನಿಂತ ಸಂದರ್ಭದಲ್ಲಿ, 13:9ರಲ್ಲಿ, ಪೌಲನೆನಿಸಿಕೊಳ್ಳುವ ಸೌಲನು ಎಂಬ ಮಾತು ಸದ್ದಿಲ್ಲದೆ ಬರುತ್ತದೆ. ಅವನಿಗೆ ಎರಡೂ ಹೆಸರುಗಳಿದ್ದವು. ಯೆಹೂದ್ಯರ ನಡುವೆ ಒಂದು, ಗ್ರೀಕ್ ಮಾತನಾಡುವ ರೋಮನ್ ಲೋಕದಲ್ಲಿ ಇನ್ನೊಂದು.

ಇನ್ನೂ ಮುಂದೆ ಹೋಗಿ. ಫಿಲಿಪ್ಪಿಯವರಿಗೆ ಬರೆದ ಪತ್ರದ 3ನೆಯ ಅಧ್ಯಾಯದಲ್ಲಿ ಅವನು ತನ್ನ ಹಳೆಯ ಬಿರುದುಗಳನ್ನೆಲ್ಲ ಸಾಲಾಗಿ ನಿಲ್ಲಿಸುತ್ತಾನೆ: ಎಂಟನೆಯ ದಿನದ ಸುನ್ನತಿ, ಬೆನ್ಯಾಮೀನನ ಕುಲ, ಕಟ್ಟುನಿಟ್ಟಿನ ಯೆಹೂದ್ಯ ಪಂಗಡದ ಫರಿಸಾಯ, ನಿಯಮ ಪಾಲನೆಯಲ್ಲಿ ನಿರ್ದೋಷಿ. ಆಮೇಲೆ ಅವೆಲ್ಲವನ್ನೂ ಕಸವೆಂದು ಎಣಿಸಿದ್ದೇನೆ ಎನ್ನುತ್ತಾನೆ. ಹೀಗೆ ಹೇಳುವ ಅದೇ ಮನುಷ್ಯ ಕೃತ್ಯಗಳು 23:6ರಲ್ಲಿ ನ್ಯಾಯಸಭೆಯ ಮುಂದೆ ನಿಂತು ‘ನಾನು ಫರಿಸಾಯನು’ ಎನ್ನುತ್ತಾನೆ. ‘ಆಗಿದ್ದೆ’ ಎಂದು ಹೇಳುವುದಿಲ್ಲ. ರೋಮಾಪುರದವರಿಗೆ ಬರೆಯುವಾಗ ನಾನೂ ಇಸ್ರಾಯೇಲ್ಯನೇ ಎನ್ನುತ್ತಾನೆ, ಕೊರಡೆಯ ಪೆಟ್ಟು ಬೀಳುವ ಹೊತ್ತಿಗೆ ರೋಮನ್ ಪೌರತ್ವವನ್ನು ಎತ್ತಿ ತೋರಿಸುತ್ತಾನೆ. ಹಳೆಯ ಗುರುತುಗಳು ಅವನ ಹತ್ತಿರ ಉಳಿದಿದ್ದವು, ಬೇಕಾದಾಗ ಬಳಕೆಗೂ ಬರುತ್ತಿದ್ದವು. ಅವು ಅವನ ಬೆಲೆಯನ್ನು ನಿರ್ಧರಿಸುವ ಅಧಿಕಾರವನ್ನು ಮಾತ್ರ ಕಳೆದುಕೊಂಡಿದ್ದವು. ಕಸ ಎಂಬ ಕಟುವಾದ ಮಾತು ಬಂದದ್ದು ಆ ಅಧಿಕಾರದ ಬಗ್ಗೆ ಎಂದು ನಾನು ತಿಳಿದಿದ್ದೇನೆ.

ನೀವು ಉಲ್ಲೇಖಿಸಿದ ವಚನದ ಗ್ರೀಕ್ ವಾಕ್ಯರಚನೆಯೂ ಗಮನಿಸತಕ್ಕದ್ದು. ಮೂಲದಲ್ಲಿ ‘ಅವನು ಆದನು’ ಎಂಬ ಕ್ರಿಯಾಪದವೇ ಇಲ್ಲ. ‘ಯಾರಾದರೂ ಕ್ರಿಸ್ತನಲ್ಲಿದ್ದರೆ, ಹೊಸ ಸೃಷ್ಟಿ!’ ಎಂಬಂತಹ ಒಂದು ಉದ್ಗಾರ ಮಾತ್ರ ಇದೆ. ಒಬ್ಬ ವ್ಯಕ್ತಿಯ ಸ್ವಭಾವದಲ್ಲಿ ಏನೇನು ಬದಲಾಯಿತು ಎಂಬ ವರದಿಯನ್ನು ಅಲ್ಲಿ ಹುಡುಕುವುದಕ್ಕಿಂತ, ಅವನು ಈಗ ನಿಂತಿರುವ ಲೋಕವೇ ಹೊಸದು ಎಂಬ ಘೋಷಣೆಯಾಗಿ ಓದುವುದು ನನಗೆ ಸರಿಯೆನಿಸುತ್ತದೆ. ಹೊಸ ಮನೆಗೆ ಬಂದವನ ಕೈ ಕತ್ತಲೆಯಲ್ಲಿ ಹಳೆಯ ಮನೆಯ ದೀಪದ ಗುಂಡಿ ಇದ್ದ ಜಾಗವನ್ನೇ ತಡಕುತ್ತದೆ. ನಿಮ್ಮ ಅರ್ಧ ಕ್ಷಣ ಅಂಥದ್ದು.

ಮರಳಿ ಬಂದವನು:

ಮೇಲಿನವರಷ್ಟು ಓದಿಕೊಂಡವನು ನಾನಲ್ಲ, ಆದರೆ ನಾಲಿಗೆಯ ಬಗ್ಗೆ ಹೇಳಿದ್ದರಿಂದ ಕಿವಿಯ ಬಗ್ಗೆ ಒಂದು ಮಾತು ಹೇಳುತ್ತೇನೆ.

ನಾನು ಹದಿನಾಲ್ಕು ವರ್ಷ ಕುಡಿದವನು. ಕುಡಿಯುವವರ ನಡುವೆ ನನಗೊಂದು ಅಡ್ಡಹೆಸರಿತ್ತು. ಅದನ್ನು ಇಲ್ಲಿ ಬರೆಯುವಂತಿಲ್ಲ. ಬಿಟ್ಟು ಆರು ವರ್ಷವಾದ ಮೇಲೆ, ಒಂದು ಸಂಜೆ ರಸ್ತೆ ದಾಟುವಾಗ ಹಿಂದಿನಿಂದ ಯಾರೋ ಆ ಹೆಸರನ್ನು ಕೂಗಿದರು. ನಾನು ತೀರ್ಮಾನ ಮಾಡುವುದಕ್ಕೂ ಮೊದಲೇ ತಲೆ ತಿರುಗಿಬಿಟ್ಟಿತ್ತು. ಕೂಗಿದ್ದು ನನ್ನನ್ನಲ್ಲ, ಪಕ್ಕದಲ್ಲಿ ನಡೆಯುತ್ತಿದ್ದ ಬೇರೊಬ್ಬನನ್ನು. ಅವನಿಗೂ ಅದೇ ಹೆಸರಿಟ್ಟಿದ್ದರೆಂದು ಕಾಣುತ್ತದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ನಮ್ಮ ಗುಂಪನ್ನು ನಡೆಸುತ್ತಿದ್ದ ಹಿರಿಯ ಅಕ್ಕನವರು ಆಗ ಯಾಕೋಬನ ಕಥೆಯನ್ನು ತೆರೆದು ತೋರಿಸಿದರು. ಆದಿಕಾಂಡ 17ರಲ್ಲಿ ಅಬ್ರಾಮನಿಗೆ ಅಬ್ರಹಾಮನೆಂದು ಹೆಸರಾದ ಮೇಲೆ ಆ ಪುಸ್ತಕ ಅವನನ್ನು ಮತ್ತೆ ಅಬ್ರಾಮನೆಂದು ಕರೆಯುವುದಿಲ್ಲ. ಯಾಕೋಬನ ವಿಷಯ ಹಾಗಲ್ಲ. 32ನೆಯ ಅಧ್ಯಾಯದಲ್ಲಿ ರಾತ್ರಿಯೆಲ್ಲ ಹೋರಾಡಿ ಇಸ್ರಾಯೇಲನೆಂಬ ಹೆಸರನ್ನು ಪಡೆಯುತ್ತಾನೆ, ಆದರೂ ಮುಂದಿನ ಸಾಲುಗಳಲ್ಲಿ ಮತ್ತೆ ಯಾಕೋಬನೇ. 35ರಲ್ಲಿ ದೇವರು ಅದೇ ಹೆಸರನ್ನು ಎರಡನೆಯ ಸಲ ಕೊಡಬೇಕಾಗುತ್ತದೆ. ಮುದುಕನಾಗಿ ಮಗನನ್ನು ನೋಡಲು ಹೊರಟಾಗಲೂ, 46ರಲ್ಲಿ, ದೇವರೇ ಅವನನ್ನು ‘ಯಾಕೋಬನೇ, ಯಾಕೋಬನೇ’ ಎಂದು ಕರೆಯುತ್ತಾನೆ. ಹೋರಾಟದ ರಾತ್ರಿಯಿಂದ ಬಂದ ಕುಂಟು ಬೇರೆ. ‘ನೀನು ಅಬ್ರಹಾಮನ ಜಾತಿಯವನಲ್ಲ ತಮ್ಮಾ, ಯಾಕೋಬನ ಜಾತಿಯವನು’ ಎಂದು ಅಕ್ಕನವರು ನಕ್ಕಿದ್ದರು. ಆ ನಗೆಯಿಂದ ನನಗೆ ಆದ ಉಪಕಾರ ಅಷ್ಟಿಷ್ಟಲ್ಲ.

ಸಂಶಯಿ:

ನಾನು ವಿಶ್ವಾಸಿಯಲ್ಲ, ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಒಂದು ಆಕ್ಷೇಪಣೆಯನ್ನು ಮುಂದಿಡಲು ಅನುಮತಿಯಿರಲಿ.

ಹುದ್ದೆ ಕಳೆದುಕೊಂಡವನಿಗೆ, ಚಟದಿಂದ ಹೊರಬರಲು ತವಕಿಸುವವನಿಗೆ, ಯಾವುದೇ ಬಿಗಿಯಾದ ಬಳಗ ಸಿಕ್ಕರೂ ಅದು ಹೊಸ ಗುರುತನ್ನು ಕೊಡುತ್ತದೆ. ಒಂದು ಹೆಸರು, ಒಂದು ಭಾಷೆ, ವಾರಕ್ಕೊಂದು ಸಭೆ, ‘ಅಂದು ಹಾಗಿದ್ದೆ, ಇಂದು ಹೀಗಾದೆ’ ಎಂಬ ಕಥೆಯ ಅಚ್ಚು, ಇಷ್ಟಿದ್ದರೆ ಸಾಕು. ಅಮೆರಿಕದ ಮನಃಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಷ್ಟು ಹಿಂದೆಯೇ ಧಾರ್ಮಿಕ ಪರಿವರ್ತನೆಯನ್ನು ಮನಃಶಾಸ್ತ್ರದ ಕಣ್ಣಿನಿಂದ ನೋಡಿ, ಒಡೆದ ಮನಸ್ಸು ಒಂದುಗೂಡುವ ಪ್ರಕ್ರಿಯೆ ಎಂದು ಅದನ್ನು ವಿವರಿಸಿದ್ದರು. ವಿಶ್ವಾಸಕ್ಕೆ ಬಂದ ಬಗೆಯನ್ನು ಹೇಳುವ ನಿಮ್ಮ ಸಾಕ್ಷಿಗಳನ್ನು ಕೇಳಿದ್ದೇನೆ. ಹೇಳಿದಷ್ಟೂ ಅವು ನುಣುಪಾಗುತ್ತವೆ. ಹಳೆಯ ಬದುಕು ಪ್ರತಿ ಸಲವೂ ಇನ್ನಷ್ಟು ಕಪ್ಪಾಗುತ್ತದೆ, ಹೊಸದು ಇನ್ನಷ್ಟು ಬೆಳ್ಳಗಾಗುತ್ತದೆ. ಹಾಗಾದರೆ ಕ್ರಿಸ್ತನು ಕೊಟ್ಟ ಗುರುತು ಯಾವುದು, ಬಳಗ ಕೊಟ್ಟದ್ದು ಯಾವುದು ಎಂದು ನೀವು ಹೇಗೆ ಬೇರ್ಪಡಿಸುತ್ತೀರಿ?

ಹಳೆಯ ಓದುಗ:

ಸಂಶಯಿಯವರೇ, ಸಾಕ್ಷಿಗಳ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನದೇ ಸಾಕ್ಷಿಯನ್ನು ಮೂವತ್ತು ವರ್ಷಗಳ ನಂತರ ಧ್ವನಿಮುದ್ರಣದಲ್ಲಿ ಕೇಳಿ ನಾಚಿಕೊಂಡಿದ್ದೇನೆ. ನಾನೆಂದೂ ಮಾಡದ ಒಂದೆರಡು ಪಾಪಗಳು ಅದರೊಳಗೆ ಸೇರಿಕೊಂಡಿದ್ದವು.

ಬಳಗದ ಗುರುತು ಎಂಬುದರ ಬಗ್ಗೆ ಒಂದು ಸಂಗತಿಯಿದೆ. ‘ಕ್ರೈಸ್ತ’ ಎಂಬ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಮೂರೇ ಸಲ ಬರುತ್ತದೆ. ಕೃತ್ಯಗಳು 11:26ರ ಪ್ರಕಾರ ಅಂತಿಯೋಕ್ಯದಲ್ಲಿ ಶಿಷ್ಯರು ಮೊದಲ ಬಾರಿಗೆ ಹಾಗೆ ಕರೆಯಲ್ಪಟ್ಟರು. ಹೊರಗಿನವರು ಇಟ್ಟ ಹೆಸರದು ಎಂದೇ ಬಹುಮಟ್ಟಿಗೆ ಎಲ್ಲರೂ ತಿಳಿಯುತ್ತಾರೆ. ಎರಡನೆಯ ಸಲ ಅದನ್ನು ಆಡುವವನು ಅಗ್ರಿಪ್ಪ ರಾಜ, ಸ್ವತಃ ವಿಶ್ವಾಸಿಯಲ್ಲದವನು. ಮೂರನೆಯದು ಪೇತ್ರನ ಮೊದಲನೆಯ ಪತ್ರದಲ್ಲಿ, ಆ ಹೆಸರಿನ ಕಾರಣದಿಂದ ಬಾಧೆ ಬಂದರೆ ನಾಚಿಕೆಪಡಬೇಡಿ ಎಂಬ ಸಂದರ್ಭದಲ್ಲಿ. ತಮ್ಮೊಳಗೆ ಅವರು ಬಳಸುತ್ತಿದ್ದ ಮಾತುಗಳು ಬೇರೆ: ಸಹೋದರರು, ಶಿಷ್ಯರು, ಪವಿತ್ರರು, ‘ಕ್ರಿಸ್ತನಲ್ಲಿ’ ಇರುವವರು. ಗುಂಪಿನ ಫಲಕಕ್ಕಿಂತ ಮೊದಲು ಅಲ್ಲೊಂದು ಸಂಬಂಧವಿತ್ತು.

ಬೇರ್ಪಡಿಸುವುದು ಹೇಗೆಂದು ಕೇಳಿದಿರಿ. ನಾನು ನೋಡುವ ಗುರುತು ಇಷ್ಟೇ: ಸೋತಾಗ ಅದನ್ನು ಬಾಯಿಬಿಟ್ಟು ಹೇಳಲು ಆ ಹೊಸ ಗುರುತು ಅವಕಾಶ ಕೊಡುತ್ತದೆಯೇ? ಬಳಗ ಕೊಟ್ಟ ಗುರುತಾದರೆ ಸೋಲನ್ನು ಮುಚ್ಚಿಡಬೇಕಾಗುತ್ತದೆ, ಏಕೆಂದರೆ ಸೋತವನಿಗೆ ಬಳಗದಲ್ಲಿ ಬೆಲೆ ಇಳಿಯುತ್ತದೆ. ಆದಿ ಸಭೆಯ ದೊಡ್ಡ ಬರಹಗಾರನಾದ ಅಗಸ್ಟೀನನನ್ನು ನೋಡಿ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅವನ ಬದುಕು ತಿರುಗಿತು, 387ರ ಈಸ್ಟರ್ ಹಬ್ಬದಲ್ಲಿ ಅಲ್ಲಿನ ಬಿಷಪ್ ಅಂಬ್ರೋಸನಿಂದ ದೀಕ್ಷಾಸ್ನಾನವಾಯಿತು. ಹತ್ತು ವರ್ಷ ಕಳೆದು, ಬಿಷಪ್ ಆಗಿ, ಜನರೆಲ್ಲ ಗೌರವಿಸುವ ಕಾಲದಲ್ಲಿ ತನ್ನ ಆತ್ಮಕಥೆಯನ್ನು ಬರೆಯುತ್ತ, ಆ ತಿರುವಿನೊಂದಿಗೆ ಕಥೆಯನ್ನು ಮುಗಿಸಿಬಿಡಬಹುದಾಗಿತ್ತು. ಅವನು ಹಾಗೆ ಮಾಡಲಿಲ್ಲ. ಹತ್ತನೆಯ ಭಾಗದಲ್ಲಿ ತನ್ನ ಆ ಹೊತ್ತಿನ ದೌರ್ಬಲ್ಯಗಳನ್ನು, ಕನಸುಗಳನ್ನು, ಹೊಗಳಿಕೆಗೆ ಹಿಗ್ಗುವ ಮನಸ್ಸನ್ನು ಒಂದೊಂದಾಗಿ ಬಿಡಿಸಿ ತೋರಿಸಿ, ನನಗೆ ನಾನೇ ಒಂದು ಪ್ರಶ್ನೆಯಾಗಿದ್ದೇನೆ ಎಂದು ದೇವರ ಮುಂದೆ ಒಪ್ಪಿಕೊಂಡ. ಬರಿಯ ಬಳಗದ ಮೆಚ್ಚುಗೆಯ ಮೇಲೆ ನಿಂತವನು ಅಷ್ಟು ಬರೆಯಲಾರ.

ಸಾಲ ಕೊಟ್ಟವಳು:

ಇಷ್ಟೆಲ್ಲ ಚೆನ್ನಾಗಿದೆ. ನನಗೆ ಈ ‘ನೂತನ ಸೃಷ್ಟಿ’ ಎಂಬ ಮಾತು ಕೇಳಿದರೆ ಹೊಟ್ಟೆ ಉರಿಯುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ನನ್ನ ಸಂಬಂಧಿಯೊಬ್ಬರು ನನ್ನ ಮೂರು ವರ್ಷದ ಉಳಿತಾಯವನ್ನು ಸಾಲವಾಗಿ ಪಡೆದು ತೀರಿಸದೆ ಹೋದರು. ಆಮೇಲೆ ವಿಶ್ವಾಸಕ್ಕೆ ಬಂದರು, ನಾನೇ ಸಂತೋಷಪಟ್ಟೆ. ಸಾಲದ ಮಾತೆತ್ತಿದಾಗ ಅವರು ಬಹಳ ಶಾಂತವಾಗಿ ‘ಅದು ಹಳೆಯ ಮನುಷ್ಯ ಮಾಡಿದ್ದು, ಅವನು ಸತ್ತುಹೋದ, ನೀನೂ ಅದನ್ನು ಶಿಲುಬೆಯ ಕೆಳಗಿಟ್ಟುಬಿಡು’ ಎಂದರು. ನಾನೂ ವಿಶ್ವಾಸಿಯೇ. ಕ್ಷಮಿಸಬೇಕೆಂಬುದು ನನಗೆ ಗೊತ್ತಿದೆ. ಆದರೆ ಸತ್ತವನ ಸಾಲವನ್ನು ಉತ್ತರಾಧಿಕಾರಿ ತೀರಿಸುವುದು ಲೋಕದ ನ್ಯಾಯದಲ್ಲಿಯೂ ಇದೆಯಲ್ಲವೇ? ಹೊಸ ಮನುಷ್ಯನಿಗೆ ಹಳೆಯವನ ಮನೆ, ಹಳೆಯವನ ಗಡಿಯಾರ ಬೇಕು, ಹಳೆಯವನ ಸಾಲ ಮಾತ್ರ ಬೇಡ.

ಕುರಿಹಟ್ಟಿ:

ಅಮ್ಮಾ, ನಾನು ಸಭಾಪಾಲಕನಾಗಿ ಇಪ್ಪತ್ತು ವರ್ಷಗಳಿಂದ ಸೇವೆಯಲ್ಲಿದ್ದೇನೆ. ನಿಮ್ಮ ಸಂಬಂಧಿಯ ಮಾತನ್ನು ಬೇರೆ ಬೇರೆ ಬಾಯಿಗಳಲ್ಲಿ ಕೇಳಿದ್ದೇನೆ. ಅದು ಸುವಾರ್ತೆಯಲ್ಲ. ಲೂಕ 19ರ ಸುಂಕದ ಅಧಿಕಾರಿ ಜಕ್ಕಾಯನು ಯೇಸುವನ್ನು ಮನೆಗೆ ಸ್ವೀಕರಿಸಿದ ದಿನವೇ ಎದ್ದು ನಿಂತು, ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದ. ಅವನೂ ಅಬ್ರಹಾಮನ ಮಗನೇ ಎಂಬ ಯೇಸುವಿನ ಮಾತು ಆ ಲೆಕ್ಕದ ಮಾತು ಮುಗಿದ ಕೂಡಲೇ ಬರುತ್ತದೆ. ಕೊಟ್ಟದ್ದರಿಂದ ಮಗನಾದ ಎಂದು ನಾನು ಹೇಳುತ್ತಿಲ್ಲ. ಮಗನಾದವನಿಗೆ ಲೆಕ್ಕದ ಪುಸ್ತಕವನ್ನು ತೆರೆಯಲು ಭಯವಿರಲಿಲ್ಲ ಎನ್ನುತ್ತಿದ್ದೇನೆ. ಪೌಲನೂ ಓನೇಸಿಮನೆಂಬ ಗುಲಾಮನನ್ನು ಯಜಮಾನನಾದ ಫಿಲೆಮೋನನ ಬಳಿಗೆ ಕಳುಹಿಸುವಾಗ, ಇವನನ್ನು ಇನ್ನು ದಾಸನೆಂದಲ್ಲ, ಪ್ರಿಯ ಸಹೋದರನೆಂದು ಸೇರಿಸಿಕೋ ಎಂದು ಬರೆದು, ಅಲ್ಲಿಗೇ ನಿಲ್ಲಿಸದೆ, ಇವನು ನಿನಗೇನಾದರೂ ಕೊಡಬೇಕಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ತನ್ನ ಸ್ವಂತ ಕೈಯಿಂದ ಬರೆದುಕೊಟ್ಟ. ಹೊಸ ಗುರುತು ಮತ್ತು ಹಳೆಯ ಬಾಕಿ ಒಂದೇ ಪತ್ರದಲ್ಲಿವೆ.

ಹೊಸ ಗುರುತು ಮನುಷ್ಯನೊಳಗೆ ಇಳಿಯಲು ಎಷ್ಟು ಕಾಲ ಬೇಕಾಗಬಹುದು ಎಂಬುದಕ್ಕೆ ಇಂಗ್ಲೆಂಡಿನ ನಾವಿಕ ಜಾನ್ ನ್ಯೂಟನ್‌ಗಿಂತ ನೋವಿನ ಉದಾಹರಣೆ ನನಗೆ ಗೊತ್ತಿಲ್ಲ. 1748ರ ಮಾರ್ಚಿನಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಅವನು ದೇವರಿಗೆ ಮೊರೆಯಿಟ್ಟ. ಆ ದಿನವನ್ನು ಬದುಕಿನುದ್ದಕ್ಕೂ ನೆನೆಯುತ್ತಿದ್ದ. ಅದಾದ ಮೇಲೆ, 1750ರಿಂದ 1754ರವರೆಗೆ, ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಅವನೇ ಕಪ್ತಾನನಾಗಿದ್ದ. ಮೇಲೆ ತನ್ನ ಕೋಣೆಯಲ್ಲಿ ಪ್ರಾರ್ಥನೆ, ಕೆಳಗೆ ಸರಪಳಿಯಲ್ಲಿ ಮನುಷ್ಯರು. ಸಮುದ್ರಯಾನವನ್ನು ನಿಲ್ಲಿಸಿದ್ದೂ ಅನಾರೋಗ್ಯದ ಕಾರಣದಿಂದ. 1764ರಲ್ಲಿ ಪಾದ್ರಿಯಾದ. ಗುಲಾಮರ ವ್ಯಾಪಾರದ ವಿರುದ್ಧ ತನ್ನ ಪಾಲಿನ ತಪ್ಪನ್ನು ಒಪ್ಪಿಕೊಂಡು ಕಿರುಪುಸ್ತಕ ಬರೆದದ್ದು 1788ರಲ್ಲಿ. ನಲವತ್ತು ವರ್ಷ! ಆ ನಲವತ್ತು ವರ್ಷಗಳಲ್ಲಿ ಅವನಿಂದ ನೊಂದವರ ಲೆಕ್ಕವನ್ನು ಯಾರು ತೀರಿಸಿದರು? ಈ ಪ್ರಶ್ನೆಗೆ ಸಮಾಧಾನದ ಉತ್ತರ ನನ್ನಲ್ಲಿಲ್ಲ. ನಮ್ಮ ಹಳೆಯ ಮನುಷ್ಯ ಒಂದೇ ದಿನದಲ್ಲಿ ಸತ್ತ ಎಂದು ವೇದಿಕೆಯ ಮೇಲೆ ಘೋಷಿಸುವವರನ್ನು ಕಂಡಾಗ ಮಾತ್ರ ನ್ಯೂಟನ್ನನ ಹಡಗು ನನ್ನ ಕಣ್ಣ ಮುಂದೆ ಬರುತ್ತದೆ.

ನಿಮ್ಮ ಹಣದ ವಿಷಯದಲ್ಲಿ, ಆ ಸಂಬಂಧಿ ಹೋಗುವ ಸಭೆಯ ಹಿರಿಯರ ಮುಂದೆ ಇದನ್ನು ಇಡುವುದು ನ್ಯಾಯವಾದದ್ದು. ಮತ್ತಾಯ 18 ತೋರಿಸುವ ದಾರಿಯೂ ಅದೇ. ಹಾಗೆ ಮಾಡಿದರೆ ನೀವು ಕ್ಷಮಿಸಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸಾಲ ಕೊಟ್ಟವಳು:

ಸಭಾಪಾಲಕರೊಬ್ಬರು ‘ಅದು ಸುವಾರ್ತೆಯಲ್ಲ’ ಎಂದು ಹೇಳಿದ್ದನ್ನು ಇದೇ ಮೊದಲ ಸಲ ಕೇಳುತ್ತಿದ್ದೇನೆ. ವಂದನೆಗಳು.

ಮೂರನೆಯ ತಲೆಮಾರು:

ನನ್ನ ಕಷ್ಟ ಇದಕ್ಕೆ ತದ್ವಿರುದ್ಧವಾದದ್ದು. ಹುಟ್ಟಿದ್ದೇ ವಿಶ್ವಾಸಿಗಳ ಮನೆಯಲ್ಲಿ. ಕುಡಿಯಲಿಲ್ಲ, ಕದಿಯಲಿಲ್ಲ, ಬಿರುಗಾಳಿಗೆ ಸಿಗಲಿಲ್ಲ. ಯುವಜನರ ಕೂಟದಲ್ಲಿ ಸಾಕ್ಷಿ ಹೇಳಿ ಎಂದಾಗಲೆಲ್ಲ, ಬಿದ್ದು ಮೇಲೇಳಲು ಒಂದು ಹಳ್ಳವೂ ಇರಲಿಲ್ಲವಲ್ಲ ಎಂದು ಸಂಕಟವಾಗುತ್ತಿತ್ತು. ನಗಬೇಡಿ, ಹದಿನೇಳನೆಯ ವಯಸ್ಸಿನಲ್ಲಿ ಅದು ನಿಜವಾದ ಸಂಕಟ. ‘ಹಳೆಯದು’ ಇಲ್ಲದವನು ‘ಹೊಸಬ’ ಆಗುವುದು ಹೇಗೆ?

ತನ್ನ ಜೊತೆಗಾರ ತಿಮೊಥೆಯನ ವಿಷಯವಾಗಿ ಪೌಲನು ಬರೆದ ಒಂದು ಸಾಲು ನನ್ನನ್ನು ಎತ್ತಿತು. ಅವನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನೀಕೆಯಲ್ಲಿ ನೆಲೆಗೊಂಡಿತ್ತು ಎಂಬ ಸಾಲು. ತಿಮೊಥೆಯನಿಗೆ ದಮಸ್ಕದ ದಾರಿ ಇದ್ದಂತೆ ಕಾಣುವುದಿಲ್ಲ. ಆದರೂ ನನಗೊಂದು ‘ಹಳೆಯದು’ ಇತ್ತು ಎಂದು ಮೂವತ್ತು ದಾಟಿದ ಮೇಲೆ ತಿಳಿಯಿತು. ಇಂಥವರ ಮೊಮ್ಮಗ, ಒಳ್ಳೆಯ ಹುಡುಗ, ಎಂದೂ ದಾರಿ ತಪ್ಪದವನು ಎಂಬುದೇ ನನ್ನ ಹಳೆಯ ಮನುಷ್ಯ. ಲೂಕ 15ರಲ್ಲಿ, ದಾರಿ ತಪ್ಪಿ ಮರಳಿದ ಕಿರಿಯ ಮಗನ ಕಥೆಯಲ್ಲಿ, ಮನೆ ಬಿಟ್ಟುಹೋಗದ ಹಿರಿಯ ಮಗ ಹೊಲದಿಂದ ಬಂದು, ಇಷ್ಟು ವರ್ಷ ನಿನಗೆ ಗುಲಾಮನ ಹಾಗೆ ದುಡಿದಿದ್ದೇನೆ ಎಂದು ತಂದೆಯ ಮುಂದೆ ಸಿಡುಕುತ್ತಾನಲ್ಲ, ಅಲ್ಲಿಯವರೆಗೂ ಅವನು ಮಗನಾಗಿ ಬಾಳಿರಲಿಲ್ಲ. ಹೊಸ ಹೆಜ್ಜೆಯವರು ಅಧ್ಯಾಯಗಳನ್ನು ಲೆಕ್ಕ ಹಾಕುತ್ತಿದ್ದೇನೆ ಎಂದದ್ದು ಓದಿ, ಹೊರಗಿನಿಂದ ಬಂದವರೂ ಎಷ್ಟು ಬೇಗ ಹಿರಿಯ ಮಗನ ಜಾಗದಲ್ಲಿ ಬಂದು ನಿಲ್ಲುತ್ತಾರಲ್ಲ ಎನಿಸಿತು.

ಶುಶ್ರೂಷಕಿ:

ನಾನು ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನೀವೆಲ್ಲ ನೆನಪಿರುವವರ ಗುರುತಿನ ಬಗ್ಗೆ ಬರೆಯುತ್ತಿದ್ದೀರಿ. ನನ್ನ ದಿನ ಕಳೆಯುವುದು ಅದಿಲ್ಲದವರ ನಡುವೆ.

ಒಬ್ಬ ತಾಯಿಯವರು ತಮ್ಮ ಹೆಸರನ್ನೂ ಮರೆತಿದ್ದರು. ಮಗಳು ಬಂದರೆ ‘ನೀವು ಯಾರಮ್ಮಾ?’ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಬದುಕಿನುದ್ದಕ್ಕೂ ವಿಶ್ವಾಸದಲ್ಲಿದ್ದವರು, ಈಗ ಅದೂ ನೆನಪಿರಲಿಲ್ಲ. ಕರ್ತನ ಪ್ರಾರ್ಥನೆಯನ್ನು ಅವರ ಕಿವಿಯ ಹತ್ತಿರ ನಿಧಾನವಾಗಿ ಹೇಳಿದರೆ ತುಟಿ ಕೆಲವು ಪದಗಳವರೆಗೆ ಅಲುಗಾಡುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಕೊನೆಯ ತಿಂಗಳುಗಳಲ್ಲಿ ಅದೂ ನಿಂತಿತು. ಹಾಡು ಪ್ರಾರ್ಥನೆಗಳು ಕೊನೆಯವರೆಗೂ ಉಳಿಯುತ್ತವೆ ಎಂದು ಜನ ಹೇಳುವುದುಂಟು, ಎಲ್ಲರಿಗೂ ಉಳಿಯುವುದಿಲ್ಲ. ಆಗ ಮಗಳು ನನ್ನನ್ನು ಕೇಳಿದಳು: ‘ಅಕ್ಕಾ, ನಮ್ಮಮ್ಮ ಈಗಲೂ ವಿಶ್ವಾಸಿಯೇ?’

ಉತ್ತರ ಕೊಡಲು ನನಗೆ ಎರಡು ದಿನ ಬೇಕಾಯಿತು. ಗಲಾತ್ಯದವರಿಗೆ ಬರೆದ ಪತ್ರದ 4:9ರಲ್ಲಿ ಪೌಲನು ‘ನೀವು ದೇವರನ್ನು ತಿಳಿದುಕೊಂಡಿದ್ದೀರಿ’ ಎಂದು ಬರೆಯುತ್ತ ನಡುವೆಯೇ ತನ್ನನ್ನು ತಿದ್ದಿಕೊಳ್ಳುತ್ತಾನೆ: ಅದಕ್ಕಿಂತಲೂ, ದೇವರು ನಿಮ್ಮನ್ನು ತಿಳಿದುಕೊಂಡಿದ್ದಾನೆ. ಆ ತಿದ್ದುಪಡಿಯೇ ನನ್ನ ಉತ್ತರವಾಯಿತು. ತಾಯಿಯವರು ಯಾರೆಂಬುದು ಅವರ ನೆನಪಿನಲ್ಲಿ ಇಟ್ಟದ್ದಾಗಿದ್ದರೆ ಅದು ಎಂದೋ ಕಳೆದುಹೋಗಿರುತ್ತಿತ್ತು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ, ನಿಮ್ಮ ಜೀವವು ಕ್ರಿಸ್ತನೊಂದಿಗೆ ದೇವರಲ್ಲಿ ಮರೆಯಾಗಿದೆ ಎಂಬ ಮಾತಿದೆಯಲ್ಲ, ಅದನ್ನು ಮೊದಲೆಲ್ಲ ಕಾವ್ಯವೆಂದು ಓದುತ್ತಿದ್ದೆ.

ಹೊಸ ಹೆಜ್ಜೆಯವರೇ, ‘ನಾನು ಯಾರು’ ಎಂದು ಕೇಳುತ್ತಿದ್ದೀರಿ. ಪ್ರಾಟೆಸ್ಟಂಟರು ವಿಶ್ವಾಸವನ್ನು ಕಲಿಸಲು ಬರೆದ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ ಮೊದಲನೆಯ ಪ್ರಶ್ನೆ, ಬಾಳಿನಲ್ಲಿಯೂ ಸಾವಿನಲ್ಲಿಯೂ ನಿನಗಿರುವ ಏಕೈಕ ಆದರಣೆ ಯಾವುದು ಎಂಬುದು. ಅದಕ್ಕೆ ಕೊಟ್ಟ ಉತ್ತರ, ನಾನು ನನ್ನವನಲ್ಲ, ನನ್ನ ರಕ್ಷಕನಾದ ಯೇಸು ಕ್ರಿಸ್ತನವನು ಎಂದು ಆರಂಭವಾಗುತ್ತದೆ. ‘ಯಾರು’ ಎಂಬುದಕ್ಕಿಂತ ‘ಯಾರವನು’ ಎಂಬುದು ಮೊದಲ ಪ್ರಶ್ನೆ. ನಮ್ಮ ಭಾಷೆಯಲ್ಲಿ ಈ ಎರಡು ಮಾತುಗಳ ನಡುವೆ ಇರುವುದು ಒಂದೆರಡು ಅಕ್ಷರಗಳಷ್ಟೇ ಅಂತರ.

ಹಳೆಯ ಓದುಗ:

ಶುಶ್ರೂಷಕಿಯವರು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಡೀಟ್ರಿಕ್ ಬೊನ್‌ಹಾಫರ್ 1944ರಲ್ಲಿ ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿದ್ದಾಗ, ‘ನಾನು ಯಾರು?’ ಎಂಬ ಕವಿತೆಯನ್ನು ಬರೆದ. ಕಾವಲುಗಾರರ ಕಣ್ಣಿಗೆ ಅವನು ಧೀರ, ನಗುಮುಖದವನು. ತನ್ನ ಕಣ್ಣಿಗೆ ಪಂಜರದ ಹಕ್ಕಿಯಂತೆ ಕಳವಳಗೊಂಡವನು. ಇಬ್ಬರಲ್ಲಿ ನಿಜವಾದವನು ಯಾರು ಎಂಬ ಪ್ರಶ್ನೆಯನ್ನು ಅವನು ಬಗೆಹರಿಸಲೇ ಇಲ್ಲ. ನಾನು ಯಾರೇ ಆಗಿರಲಿ, ನೀನು ನನ್ನನ್ನು ಬಲ್ಲೆ, ನಾನು ನಿನ್ನವನು ಎಂಬ ಭಾವದಲ್ಲಿ ಅದನ್ನು ದೇವರ ಕೈಗೆ ಒಪ್ಪಿಸಿಬಿಟ್ಟ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು.

ಈಗ ಹೊಸ ಹೆಜ್ಜೆಯವರ ಎರಡನೆಯ ಪ್ರಶ್ನೆಗೆ, ಅದೇ ಮೊಳೆಗೆ ತಗುಲಿಹಾಕಿದ ಫಲಕದ ವಿಷಯಕ್ಕೆ ಬರುತ್ತೇನೆ. ಆದಿ ಸಭೆಯಲ್ಲಿ ದೀಕ್ಷಾಸ್ನಾನಕ್ಕೆ ಇಳಿಯುವವರು ಹಳೆಯ ಬಟ್ಟೆಯನ್ನು ಕಳಚುತ್ತಿದ್ದರು, ಮೇಲೆ ಬಂದಾಗ ಅವರಿಗೆ ಬಿಳಿಯ ಬಟ್ಟೆಯನ್ನು ಉಡಿಸುತ್ತಿದ್ದರು. ಪೂರ್ವಸ್ವಭಾವವನ್ನು ತೆಗೆದುಹಾಕಿ ನೂತನ ಸ್ವಭಾವವನ್ನು ಧರಿಸಿಕೊಳ್ಳಿ ಎಂಬ ಪೌಲನ ಮಾತಿನ ರೂಪವದು. ಈಸ್ಟರ್ ಹಬ್ಬದಲ್ಲಿ ಉಟ್ಟ ಆ ಬಿಳಿಬಟ್ಟೆಯನ್ನು ಒಂದು ವಾರ ಉಟ್ಟು, ಆಮೇಲೆ ತೆಗೆದಿಟ್ಟು, ಎಲ್ಲರಂತೆ ಸಾಮಾನ್ಯ ಬಟ್ಟೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ನನಗೆ ಈ ವಾರದ ಅವಧಿ ಬಹಳ ಇಷ್ಟ. ಬಿಳಿಬಟ್ಟೆಯನ್ನು ಜೀವಮಾನವೆಲ್ಲ ಉಟ್ಟುಕೊಂಡಿದ್ದರೆ ಅದು ಬೇಗನೆ ಒಂದು ಹುದ್ದೆಯ ಸಮವಸ್ತ್ರವಾಗಿಬಿಡುತ್ತಿತ್ತು. ನೀವು ಲೆಕ್ಕ ಬರೆಯುವ ಪುಸ್ತಕವಿದೆಯಲ್ಲ, ಒಂದು ತಿಂಗಳು ಅದನ್ನು ಮುಚ್ಚಿಡಿ. ಓದಿ, ಪ್ರಾರ್ಥಿಸಿ, ಬರೆದಿಡಬೇಡಿ. ಮೊದಲ ವಾರ ಕೈ ಕಟ್ಟಿದಂತಾಗುತ್ತದೆ.

ಹೊಸ ಹೆಜ್ಜೆ:

ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಪುಸ್ತಕವನ್ನು ಮುಚ್ಚಿಟ್ಟೆ. ಎರಡು ಸಲ ಕದ್ದು ತೆರೆದದ್ದೂ ಉಂಟು.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಸಾಲ ಕೊಟ್ಟವರ ಮಾತು. ನನಗೆ ಹಣದ ಬಾಕಿ ಇಲ್ಲವೆಂದು ಮೊದಲ ದಿನ ನೆಮ್ಮದಿಯಿಂದ ಓದಿದ್ದೆ. ನಾಲ್ಕನೆಯ ದಿನ, ನನ್ನ ಕೈಕೆಳಗೆ ಐದು ವರ್ಷ ದುಡಿದ ಒಬ್ಬ ಹುಡುಗನ ಮುಖ ನೆನಪಿಗೆ ಬಂತು. ನನ್ನದೇ ಲೆಕ್ಕಾಚಾರ ತಪ್ಪಿದ್ದ ಒಂದು ಕೆಲಸಕ್ಕೆ ಅವನನ್ನು ಎಲ್ಲರೆದುರು ನಿಲ್ಲಿಸಿ ಬೈದಿದ್ದೆ, ಅವನು ತಲೆ ತಗ್ಗಿಸಿ ಕೈಯಲ್ಲಿದ್ದ ಲೇಖನಿಯ ಮುಚ್ಚಳವನ್ನು ತೆಗೆಯುವುದು ಹಾಕುವುದು ಮಾಡುತ್ತಿದ್ದ. ಆ ವರ್ಷವೇ ಅವನು ಕೆಲಸ ಬಿಟ್ಟ. ‘ಅದು ಹಳೆಯ ನಾನು’ ಎಂದುಕೊಂಡು ಅದನ್ನು ಮನಸ್ಸಿನಿಂದ ಎಂದೋ ತೆಗೆದುಹಾಕಿದ್ದೆ.

ವಿಳಾಸ ಹುಡುಕಿ ಅವನಿಗೆ ಪತ್ರ ಬರೆದೆ. ತಪ್ಪು ನನ್ನದಾಗಿತ್ತು, ಅದು ಆ ದಿನವೇ ನನಗೆ ಗೊತ್ತಿತ್ತು ಎಂದು ಬರೆಯಲು ಮೂರು ಹಾಳೆ ಹರಿದೆ. ವಿಶ್ವಾಸದ ವಿಷಯವನ್ನು ಬರೆಯಲಿಲ್ಲ; ಬರೆದಿದ್ದರೆ ಪತ್ರ ಮತ್ತೆ ನನ್ನ ಕಥೆಯಾಗಿಬಿಡುತ್ತಿತ್ತು. ಕೊನೆಯಲ್ಲಿ ಸಹಿ ಹಾಕಿದ ಮೇಲೆ ಕೈ ತಾನಾಗಿ ಒಂದು ಸಾಲು ಕೆಳಗಿಳಿಯಿತು, ಹುದ್ದೆಯನ್ನು ಬರೆಯುವ ಜಾಗಕ್ಕೆ. ಅಲ್ಲಿ ಒಂದು ಚುಕ್ಕೆ ಬಿದ್ದಿದೆ. ಹಾಳೆಯನ್ನು ಬದಲಾಯಿಸದೆ ಹಾಗೆಯೇ ಕಳುಹಿಸಿದೆ.

ಹತ್ತೊಂಬತ್ತು ದಿನವಾಯಿತು, ಉತ್ತರ ಬಂದಿಲ್ಲ.

ಸಂಶಯಿ:

ಬಂದರೂ ಬಾರದಿದ್ದರೂ ಇಲ್ಲಿ ತಿಳಿಸಿ. ನಾನು ಓದುತ್ತಿರುತ್ತೇನೆ.